ಬಾಳಿಕೆ ಬರುವ ಸಂತೋಷ



ನಮ್ಮಮ್ಮ ಬಟ್ಟೆ ಅಂಗಡಿಗೆ ಹೋದರೆ ಮೊದಲು ಬೆಲೆ ಕೇಳುತ್ತಿರಲಿಲ್ಲ. ಸೀರೆಯ ಒಂದು ಮೂಲೆಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ತಿಕ್ಕಿ, ಬಾಗಿಲ ಬೆಳಕಿಗೆ ಹಿಡಿದು ನೋಡಿ, "ಬಾಳಿಕೆ ಬರ್ತದಾ?" ಎನ್ನುತ್ತಿದ್ದಳು. "ಬರ್ತದೆ ಅಮ್ಮಾ, ನೀವು ಉಟ್ಟು ಬಿಟ್ಟ ಮೇಲೆ ಮೊಮ್ಮಗುವಿನ ತೊಟ್ಟಿಲಿಗೂ ಆಗ್ತದೆ" ಎಂದು ಅಂಗಡಿಯವನು. ಅವಳು ಅವನ ಮಾತನ್ನು ನಂಬುತ್ತಿರಲಿಲ್ಲ, ತನ್ನ ಬೆರಳನ್ನು ನಂಬುತ್ತಿದ್ದಳು. ಕೊಡೆ, ಕೊಡ, ಚಪ್ಪಲಿ, ಟಾರ್ಚು, ಯಾವುದು ಕೊಳ್ಳುವಾಗಲೂ ಅದೇ ಪ್ರಶ್ನೆ. ನಮ್ಮ ಭಾಷೆಯ ಚಂದ ನೋಡಿ: ನಾವು ಬದುಕುವುದಕ್ಕೂ ಬಾಳು ಅನ್ನುತ್ತೇವೆ, ಕೊಡೆ ನಾಲ್ಕು ಮಳೆಗಾಲ ತಡೆದರೆ ಅದಕ್ಕೂ ಬಾಳಿಕೆ ಅನ್ನುತ್ತೇವೆ.

ಆಕಾಶವಾಣಿಯವರು ಫೋನು ಮಾಡಿ, "ದಿನನಿತ್ಯದ ಬದುಕಿನಲ್ಲಿ ನಿಂತು ಉಳಿಯುವ ಸಂತೋಷ ಎಲ್ಲಿಂದ ಬರುತ್ತದೆ, ಅದರ ಬಗ್ಗೆ ಮಾತಾಡಿ" ಎಂದಾಗ ನನ್ನ ಕಣ್ಣಿಗೆ ಬಂದದ್ದು ಅಮ್ಮನ ಆ ಎರಡು ಬೆರಳು. ಸಂತೋಷವನ್ನು ನಾವು ಯಾರೂ ಹಾಗೆ ತಿಕ್ಕಿ ನೋಡಿ ಮನೆಗೆ ತಂದವರಲ್ಲ. ನಾನು ಹೈಸ್ಕೂಲಿನಲ್ಲಿ 33 ವರ್ಷ ಗಣಿತ ಕಲಿಸಿ ನಿವೃತ್ತಳಾದವಳು. ಸಂತೋಷದ ವಿಷಯದಲ್ಲಿ ನನಗೆ ಯಾವ ಅಧಿಕಾರವೂ ಇಲ್ಲ. ನನ್ನ ಹಳೆಯ ವಿದ್ಯಾರ್ಥಿಗಳನ್ನು ಕೇಳಿದರೆ, ಟೀಚರ್ ಹಂಚಿದ್ದು ಅದಕ್ಕೆ ತದ್ವಿರುದ್ಧವಾದದ್ದನ್ನು ಎಂದಾರು.

ಒಂದು ಫ್ರಿಜ್ಜಿನ ಕತೆಯಿಂದ ಶುರು ಮಾಡುತ್ತೇನೆ. ನಮ್ಮ ಸಂಬಳ ಪರಿಷ್ಕರಣೆಯಾಗಿ, ಬಾಕಿ ಹಣ ಒಟ್ಟಿಗೆ ಕೈಗೆ ಬಂದ ವರ್ಷ. ಸಾಗರದ ಪೇಟೆಯಿಂದ ಮಿನಿ ಲಾರಿಯಲ್ಲಿ ನಮ್ಮ ಮನೆಗೆ ಫ್ರಿಜ್ಜು ಬಂತು. ಮಾವಿನ ಎಲೆ ಕಟ್ಟಿ, ಅರಿಸಿನ ಕುಂಕುಮ ಹಚ್ಚಿ ಒಳಗೆ ಕರೆದುಕೊಂಡೆವು, ಹೊಸ ಸೊಸೆಯನ್ನು ಕರೆದುಕೊಂಡ ಹಾಗೆ. ಅಡುಗೆಮನೆಯಲ್ಲಿಟ್ಟರೆ ಬಂದವರಿಗೆ ಕಾಣುವುದಿಲ್ಲವೆಂದು ಜಗುಲಿಗೆ ಹತ್ತಿರದ ಕೋಣೆಯಲ್ಲಿಟ್ಟೆವು. ತಲೆಯ ಮೇಲೆ ಕ್ರೋಶಾ ಹೆಣೆದ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂವು. ಅಕ್ಕಪಕ್ಕದ ಮಕ್ಕಳು ಲೋಟ ಹಿಡಿದು ಐಸಿಗೆ ಸಾಲು ನಿಂತವು. ನಾನು ರಾತ್ರಿ ಎದ್ದು ಬಾಗಿಲು ತೆರೆದು ಒಳಗಿನ ದೀಪ ಹತ್ತುವುದನ್ನು ನೋಡಿ ಮಲಗುತ್ತಿದ್ದೆ. ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಯುಗಾದಿಗೆ ಬಂದ ಫ್ರಿಜ್ಜು ಆಷಾಢದ ಹೊತ್ತಿಗೆ ಬರೀ ಒಂದು ಕಪಾಟಾಗಿತ್ತು. ಅದು ಮನೆಯಲ್ಲಿದೆ ಎಂದು ನೆನಪಾಗುತ್ತಿದ್ದದ್ದು ಕರೆಂಟು ಹೋಗಿ ಹಾಲು ಒಡೆದ ದಿನ.

ಇದು ನನ್ನೊಬ್ಬಳ ದೋಷವೇನೋ ಎಂದುಕೊಂಡಿದ್ದೆ. ಆಮೇಲೆ ಓದಿ ತಿಳಿಯಿತು, ಮನಶ್ಶಾಸ್ತ್ರದವರು ಇದನ್ನು ಅಳತೆ ಮಾಡಿಯೂ ನೋಡಿದ್ದಾರೆ. ಮನಶ್ಶಾಸ್ತ್ರ ಎಂದಾಗ ಒಂದು ಮಾತು ಹೇಳಿಬಿಡಬೇಕು, ಈ ಮೈಕಿನ ಮುಂದೆ ಕುಳಿತು ಅದನ್ನು ಮರೆತರೆ ಋಣ ಉಳಿದೀತು. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟಿನ ಪುಟ್ಟ ಬಾನುಲಿ ಕೇಂದ್ರ ಕಟ್ಟಿ, ಅದನ್ನು ಆಕಾಶವಾಣಿ ಎಂಬ ಹೆಸರಿನಲ್ಲಿ ನಡೆಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. 30 ವ್ಯಾಟು ಅಂದರೆ ನಮ್ಮ ಬಚ್ಚಲಮನೆಯ ಹಳೆಯ ಬಲ್ಬಿನ ಅರ್ಧ. ಅಷ್ಟರಲ್ಲಿ ಅವರ ಹಾಡು, ಮಾತು ಎಷ್ಟು ಮನೆ ತಲುಪಿತೋ, ಆ ಮನುಷ್ಯನ ಹುರುಪನ್ನು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಅಳತೆಯ ವಿಷಯಕ್ಕೆ ಬರುತ್ತೇನೆ. 1978ರಲ್ಲಿ ಅಮೆರಿಕದ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು ಒಂದು ಲೇಖನ ಪ್ರಕಟಿಸಿದರು. ಇಲಿನಾಯ್ ರಾಜ್ಯದ ಲಾಟರಿಯಲ್ಲಿ ದೊಡ್ಡ ಮೊತ್ತ ಗೆದ್ದ 22 ಜನ, ಏನನ್ನೂ ಗೆಲ್ಲದ 22 ಜನ, ಅಪಘಾತದಲ್ಲಿ ಕೈಕಾಲಿನ ಸ್ವಾಧೀನ ಕಳೆದುಕೊಂಡ 29 ಜನ, ಈ ಮೂರು ಗುಂಪನ್ನು ಮಾತಾಡಿಸಿದರು. ನೀವೀಗ ಎಷ್ಟು ಸಂತೋಷವಾಗಿದ್ದೀರಿ, ಸೊನ್ನೆಯಿಂದ ಐದರೊಳಗೆ ಅಂಕ ಕೊಡಿ ಎಂದರೆ, ಗೆದ್ದವರ ಸರಾಸರಿ 4.00, ಗೆಲ್ಲದವರದ್ದು 3.82. ಇಷ್ಟು ಸಣ್ಣ ಗುಂಪಿನಲ್ಲಿ ಅದು ಲೆಕ್ಕಕ್ಕೆ ಬರುವ ವ್ಯತ್ಯಾಸವಲ್ಲ. ಇನ್ನೊಂದು ಪ್ರಶ್ನೆ ಇತ್ತು, ನನಗೆ ಅದೇ ಮುಖ್ಯ. ಸ್ನೇಹಿತರ ಜೊತೆ ಹರಟೆ, ಬೆಳಗಿನ ತಿಂಡಿ, ಒಂದು ತಮಾಷೆಯ ಮಾತು, ಯಾರೋ ಮೆಚ್ಚಿ ಆಡಿದ ನುಡಿ, ಇಂಥ ಚಿಲ್ಲರೆ ಸಂಗತಿಗಳಿಂದ ಎಷ್ಟು ಖುಷಿಯಾಗುತ್ತದೆ? ಇಲ್ಲಿ ಗೆಲ್ಲದವರು 3.82, ಗೆದ್ದವರು 3.33. ಅಂದರೆ ಚೀಲ ತುಂಬ ಹಣ ಬಂದದ್ದು ತಿಂಡಿಯ ರುಚಿಯನ್ನು ಒಂದಿಷ್ಟು ಹೊತ್ತುಕೊಂಡು ಹೋಗಿತ್ತು.

ಭಾಷಣಗಳಲ್ಲಿ ಈ ಅಧ್ಯಯನವನ್ನು ಎಳೆದು ತರುವವರು, "ಲಾಟರಿ ಗೆದ್ದವನಿಗೂ ಕಾಲು ಕಳೆದುಕೊಂಡವನಿಗೂ ಸಂತೋಷ ಒಂದೇ" ಎಂದು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಅದು ಸುಳ್ಳು. ಅಪಘಾತಕ್ಕೆ ಸಿಕ್ಕವರ ಸರಾಸರಿ 2.96. ನೋವು ನೋವೇ. ಅವರು ನಾವು ಊಹಿಸುವಷ್ಟು ಕುಸಿದಿರಲಿಲ್ಲ, ನಿಜ. ಹಾಗೆಂದು ಸಮನಾಗಿಯೂ ಇರಲಿಲ್ಲ. ಮತ್ತೆ, 22 ಜನ ಅಂದರೆ ನಮ್ಮ ಶಾಲೆಯ ಅರ್ಧ ಸೆಕ್ಷನ್ನು. ಅರ್ಧ ಸೆಕ್ಷನ್ನಿನ ಉತ್ತರ ಪತ್ರಿಕೆ ನೋಡಿ ಇಡೀ ಜಿಲ್ಲೆಯ ಫಲಿತಾಂಶ ಬರೆಯಲು ನನಗೆ ಧೈರ್ಯವಿಲ್ಲ. ಆದರೂ ಆ 3.33 ನನ್ನ ತಲೆಯಲ್ಲಿ ಕುಳಿತಿತು, ಯಾಕೆಂದರೆ ಅದು ನಮ್ಮ ಫ್ರಿಜ್ಜಿನ ಅಂಕದಂತೆಯೇ ಇತ್ತು.

ಹಾಗಾದರೆ ನನ್ನ ಬದುಕಿನಲ್ಲಿ ನಲವತ್ತು ವರ್ಷವಾದರೂ ಹಳತಾಗದ್ದು ಏನಾದರೂ ಇದೆಯೇ ಎಂದು ಹುಡುಕಿದೆ. ದೊಡ್ಡ ದೊಡ್ಡವೆಲ್ಲ ಜರಡಿಯಿಂದ ಕೆಳಗೆ ಬಿದ್ದವು. ಮೇಲೆ ಉಳಿದದ್ದರಲ್ಲಿ ಒಂದು, ನಿಮಗೆ ನಗು ಬಂದರೂ ಚಿಂತೆಯಿಲ್ಲ, ಮಿಡಿ ಉಪ್ಪಿನಕಾಯಿ.

ತಿನ್ನುವುದಲ್ಲ, ಹಾಕುವುದು. ನಮ್ಮ ಕಡೆಯ ಅಪ್ಪೆಮಿಡಿ ಗೊತ್ತಿದ್ದವರಿಗೆ ನಾನು ಹೇಳಬೇಕಾದ್ದಿಲ್ಲ. ಶರಾವತಿ, ವರದೆ, ಅಘನಾಶಿನಿಯ ದಂಡೆಗಳಲ್ಲಿ, ಹಳ್ಳದ ಬದಿಯಲ್ಲಿ ತಾನಾಗಿ ಹುಟ್ಟಿ ಬೆಳೆದ ಕಾಡುಮಾವು. ಅನಂತಭಟ್ಟನ ಅಪ್ಪೆ, ಜೀರಿಗೆ ಅಪ್ಪೆ ಎಂದು ಮರಮರಕ್ಕೂ ಬೇರೆ ಹೆಸರು, ಬೇರೆ ಪರಿಮಳ. ಭೌಗೋಳಿಕ ಗುರುತಿನ ಮಾನ್ಯತೆಯೂ ಅದಕ್ಕೆ ಸಿಕ್ಕಿದೆ. ಶಿವರಾತ್ರಿ ಕಳೆಯುತ್ತಿದ್ದಂತೆ ಮರದ ಕಡೆ ಕಣ್ಣಿಡಬೇಕು. ಹದ ನೋಡಲು ಒಂದನ್ನು ಕಚ್ಚಬೇಕು. ಒಳಗಿನ ಗೊರಟು ಇನ್ನೂ ಹಲ್ಲಿಗೆ ತಗಲದಷ್ಟು ಎಳೆಯದಾಗಿರಬೇಕು. ಒಂದು ವಾರ ತಡವಾದರೆ ಗೊರಟು ಬಲಿಯಿತು, ಒಂದು ವಾರ ಮೊದಲಾದರೆ ಹುಳಿಯೇ ಹುಟ್ಟಿಲ್ಲ. ಕೊಯ್ಯುವವನು ಮೇಲಿಂದ ಉದುರಿಸುವಂತಿಲ್ಲ. ತೊಟ್ಟಿನ ಸಮೇತ ಕೊಯ್ದು, ಬುಟ್ಟಿಗೆ ತುಂಬಿ, ಹಗ್ಗ ಕಟ್ಟಿ ನಿಧಾನವಾಗಿ ಇಳಿಸಬೇಕು. ನೆಲಕ್ಕೆ ಬಿದ್ದ ಒಂದೇ ಒಂದು ಮಿಡಿ ಭರಣಿಯೊಳಗೆ ಸೇರಿತೋ, ಅದು ಕೊಳೆತು ಉಳಿದ ಐನೂರನ್ನೂ ಕೆಡಿಸುತ್ತದೆ.

ಮನೆಗೆ ಬಂದ ಮೇಲೆ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡುವ ಕೆಲಸ. ತೊಟ್ಟನ್ನು ತುಸುವೇ ಬಿಟ್ಟು ಮುರಿಯಬೇಕು; ಮುರಿದಲ್ಲಿ ಸೊನೆ ಚಿಮ್ಮುತ್ತದೆ, ಮುಖಕ್ಕೆ ಹಾರಿದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ತೊಳೆದು, ಒರೆಸಿ, ನೀರಿನ ಪಸೆ ಆರುವಂತೆ ನೆರಳಿನಲ್ಲಿ ಹರಡಬೇಕು. ಆಮೇಲೆ ಒಂದು ಪದರ ಹರಳುಪ್ಪು, ಒಂದು ಪದರ ಮಿಡಿ. ಮರುದಿನ ನೋಡಿದರೆ ತಳದಲ್ಲಿ ಸ್ವಲ್ಪ ನೀರು. ದಿನವೂ ಒಣಗಿದ ಕೈಯಲ್ಲಿ ಕೆಳಗಿನದು ಮೇಲೆ, ಮೇಲಿನದು ಕೆಳಗೆ ಮಾಡುತ್ತಿರಬೇಕು. ಹದಿನೈದು ದಿನದಲ್ಲಿ ಮಿಡಿ ತನ್ನ ನೀರನ್ನೆಲ್ಲ ಬಿಟ್ಟುಕೊಟ್ಟು ಚಿರುಟುತ್ತದೆ, ಮುದುಕಿಯ ಕೆನ್ನೆಯ ಹಾಗೆ. ಈಗ ನನ್ನ ಕೆನ್ನೆಯ ಹಾಗೆ ಅನ್ನಿ. ಆ ಉಪ್ಪುನೀರನ್ನು ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ, ಬ್ಯಾಡಗಿ ಮೆಣಸು, ಅರಿಸಿನ ಅರೆದು ಬೆರೆಸಿದರೆ ಆಯಿತು. ಭರಣಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಕತ್ತಲಲ್ಲಿಟ್ಟು ಮರೆಯಬೇಕು. ಮರೆಯುವುದು ಕಷ್ಟ. ನನ್ನ ಮಗ ಚಿಕ್ಕವನಿದ್ದಾಗ ಭರಣಿಗೆ ಕಿವಿ ಹಚ್ಚಿ ಕುಳಿತಿರುತ್ತಿದ್ದ. ಒಳಗೆ ಏನೋ ಮಾತಾಡುತ್ತವೆ ಎನ್ನುತ್ತಿದ್ದ.

ಇದನ್ನು ನಲವತ್ತು ಸಲ ಮಾಡಿದ್ದೇನೆ. ನಲವತ್ತೊಂದನೆಯ ಸಲ ಮಾಡುವಾಗಲೂ ಎದೆ ಡವಡವ ಅನ್ನುತ್ತದೆ. ಯಾಕೆ ಎಂದು ಯೋಚಿಸಿದೆ. ಫ್ರಿಜ್ಜು ಬಂದ ದಿನವೇ ಪೂರ್ತಿಯಾಗಿ ಬಂದಿತ್ತು. ಮಾರನೆಯ ದಿನ ಅದರಲ್ಲಿ ನಾನು ಮಾಡುವುದಕ್ಕೆ, ಕಲಿಯುವುದಕ್ಕೆ, ಕೆಡಿಸುವುದಕ್ಕೆ ಏನೂ ಉಳಿದಿರಲಿಲ್ಲ. ಮಿಡಿಯಾದರೆ ವರ್ಷ ವರ್ಷಕ್ಕೂ ಬೇರೆ. ಒಂದು ವರ್ಷ ಮರ ಹಿಡಿಯುವುದೇ ಇಲ್ಲ. ಒಂದು ವರ್ಷ ಹೂವಿನ ಹೊತ್ತಿಗೆ ಮೋಡ ಕಟ್ಟಿ ಜಿಗಿಹುಳ ಬಿದ್ದು ಹೂವೆಲ್ಲ ಕಪ್ಪಾಗುತ್ತದೆ. ಒಂದು ವರ್ಷ ಸಾಸಿವೆ ಕಹಿಯಾಗುತ್ತದೆ. ಕೆಡಬಹುದಾದ್ದರಿಂದಲೇ ಗಮನ ಅಲ್ಲಿರುತ್ತದೆ. ಗಮನ ಇರುವ ಕಡೆ ಮನಸ್ಸು ಹಳಸುವುದಿಲ್ಲ ಎಂದು ನನಗೆ ಕಾಣುತ್ತದೆ. ತರಗತಿಯಲ್ಲೂ ಅಷ್ಟೇ. ಪೈಥಾಗೊರಸನ ಪ್ರಮೇಯವನ್ನು 33 ವರ್ಷ ಒಂದೇ ಹಲಗೆಯ ಮೇಲೆ ಬರೆದೆ. ಪ್ರಮೇಯ ಬದಲಾಗಲಿಲ್ಲ. ಆದರೆ ಅದು ತಲೆಗೆ ಹೊಕ್ಕ ಕ್ಷಣ ಹಿಂದಿನ ಬೆಂಚಿನ ಹುಡುಗಿಯ ಹುಬ್ಬು ಸಡಿಲವಾಗುವುದಿದೆಯಲ್ಲ, ಅದು ಪ್ರತಿ ವರ್ಷವೂ ಹೊಸ ಹುಬ್ಬು.

ಇಲ್ಲಿ ನಾನೊಂದು ಗೆರೆ ಎಳೆಯಬೇಕು. ಇಲ್ಲದಿದ್ದರೆ, "ಹಿಂದಿನ ಕಾಲದ ಹೆಂಗಸರು ದುಡಿದು ದುಡಿದು ಎಷ್ಟು ಸುಖವಾಗಿದ್ದರು" ಎಂಬ ರಾಗ ಶುರುವಾಗುತ್ತದೆ. ಆ ರಾಗ ಹಾಡುವವರು ಸಾಮಾನ್ಯವಾಗಿ ಗಂಡಸರು, ಅದೂ ಊಟವಾದ ಮೇಲೆ. ನಮ್ಮಮ್ಮ ಒರಳಿನಲ್ಲಿ ಮೆಣಸು ರುಬ್ಬುತ್ತಿದ್ದಳು. ರಾತ್ರಿ ಇಡೀ ಅಂಗೈ ಉರಿ. ಕೊಬ್ಬರಿ ಎಣ್ಣೆ ಸವರಿಕೊಂಡು, ಮಜ್ಜಿಗೆಯಲ್ಲಿ ಕೈ ಅದ್ದಿಕೊಂಡು ಕುಳಿತಿರುತ್ತಿದ್ದಳು. ಬೆಳಿಗ್ಗೆ ಮತ್ತೆ ಹದಿನಾಲ್ಕು ಜನರ ದೋಸೆ ಹಿಟ್ಟು. ಅವಳಿಗೆ ಮಿಡಿ ಹಾಕುವುದರಲ್ಲಿ ಸಂತೋಷ ಇತ್ತೇ ಎಂದು ನಾವ್ಯಾರೂ ಕೇಳಲಿಲ್ಲ. ನಮ್ಮ ಮನೆಗೆ ಮಿಕ್ಸಿ ಬಂದ ವರ್ಷ ಅವಳು ಹೇಳಿದ ಮಾತು ಇದು: "ನಂಗೆ ಇನ್ನೊಂದು ಕೈ ಹುಟ್ಟಿದ ಹಾಗಾಯ್ತು ಕಣೆ." ಆ ಮಿಕ್ಸಿಯ ಮೇಲಿನ ಅಕ್ಕರೆ ಅವಳಿಗೆ ಸಾಯುವವರೆಗೂ ಹೋಗಲಿಲ್ಲ; ಹಳೇ ಸೀರೆಯ ತುಂಡಿನಲ್ಲಿ ಒರೆಸಿ, ಮುಚ್ಚಿ ಇಡುತ್ತಿದ್ದಳು. ಆದ್ದರಿಂದ ಕೊಂಡ ವಸ್ತುವೆಲ್ಲ ಬಾಳಿಕೆ ಬಾರದ್ದು ಎಂದು ನಾನು ಹೇಳಲಾರೆ. ದಿನವೂ ಕಾಡುವ ಒಂದು ನೋವನ್ನು ಕಳೆಯುವ ವಸ್ತು ಬಾಳಿಕೆ ಬರುತ್ತದೆ. ಮಿಕ್ಸಿಗೂ ಫ್ರಿಜ್ಜಿಗೂ ವ್ಯತ್ಯಾಸ ಅಲ್ಲಿತ್ತು. ಫ್ರಿಜ್ಜನ್ನು ನಾವು ತಂದದ್ದು ಎದುರು ಮನೆಗೆ ಅದು ಬಂದಿತ್ತೆಂದು. ಹಣವೂ ಹಾಗೆಯೇ. ಇಲ್ಲದವನಿಗೆ, ಹಣದಿಂದ ಸುಖವಿಲ್ಲವಪ್ಪ ಎಂದು ಹೇಳುವುದಕ್ಕಿಂತ ದೊಡ್ಡ ನಾಚಿಕೆಗೇಡು ಇನ್ನೊಂದಿಲ್ಲ.

ಮಿಡಿಯ ಮರದ ಕತೆ ಇನ್ನೂ ಮುಗಿದಿಲ್ಲ. ನಿಜ ಹೇಳಬೇಕೆಂದರೆ ಶುರುವಾಗಿಯೂ ಇಲ್ಲ.

ನಮ್ಮ ಯಜಮಾನರು ಮತ್ತು ಅವರ ಅಣ್ಣ ಹಿಸ್ಸೆಯಾದರು. ತೋಟ ಹಂಚಿಕೆಯಾಯಿತು, ಮನೆ ಎರಡಾಯಿತು, ಪಾತ್ರೆ ಪಗಡಿಗೂ ಜಗಳವಿಲ್ಲದೆ ಪಾಲಾಯಿತು. ಸೊಪ್ಪಿನ ಬೆಟ್ಟದ ಒಂದು ಪಟ್ಟಿಯ ಮೇಲೆ ಮಾತಿಗೆ ಮಾತು ಬೆಳೆದು, ಕೊನೆಗೆ ಮಾತೇ ನಿಂತಿತು. ಆರು ವರ್ಷ. ಒಂದೇ ಬಾವಿಯ ನೀರು ಸೇದುತ್ತಿದ್ದ ನಾನು, ನನ್ನ ವಾರಗಿತ್ತಿ, ಎದುರಾದರೆ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಿದ್ದೆವು. ಮಿಡಿಯ ಮರ ಮಾತ್ರ ಹಳ್ಳದ ದಂಡೆಯಲ್ಲಿ ಗಡಿಕಲ್ಲಿನ ಬುಡಕ್ಕೇ ಅಂಟಿಕೊಂಡು ನಿಂತಿತ್ತು. ಹಿಸ್ಸೆ ಪತ್ರದಲ್ಲಿ ಅದಕ್ಕೆ ಸಿಕ್ಕಿದ್ದು "ಫಸಲು ಸಮಭಾಗ" ಎಂಬ ಎರಡು ಪದ. ಮಾತು ನಿಂತ ಮೇಲೆ ಒಂದು ವರ್ಷ ಮರ ಹತ್ತುವವನಿಗೆ, "ನಮ್ಮ ಕಡೆಯ ಕೊಂಬೆ ಇವತ್ತು ಕೊಯ್ದುಕೊಡು, ಅವರದನ್ನು ಅವರು ಬೇಕಾದಾಗ ಕೊಯ್ಸಿಕೊಳ್ಳಲಿ" ಎಂದು ಹೇಳಿ ಕಳಿಸಿದೆ. ಅವನು ಬಾಯಲ್ಲಿದ್ದ ಕವಳ ಉಗಿದು ಬಂದು, "ಅರ್ಧ ಮರ ಹತ್ತೋಕೆ ನಂಗೆ ಬರೋದಿಲ್ಲ ಅಮ್ಮಾ" ಎಂದ.

ಹಾಗಾಗಿ ಇಬ್ಬರೂ ಒಂದೇ ದಿನ ಮರದ ಕೆಳಗೆ ಬಂದೆವು. ಬುಟ್ಟಿ ಇಳಿಯುತ್ತಿತ್ತು, ಗೋಣಿಯ ಮೇಲೆ ಸುರಿಯುತ್ತಿದ್ದೆವು, ಐದೈದಾಗಿ ಎಣಿಸಿ ಎರಡು ರಾಶಿ ಮಾಡುತ್ತಿದ್ದೆವು. ನಾನು "ಐದು" ಎನ್ನಬೇಕು, ಅವಳು "ಐದು" ಎನ್ನಬೇಕು. ನಾನು "ಹತ್ತು", ಅವಳು "ಹತ್ತು". ಮಧ್ಯಾಹ್ನದವರೆಗೆ ನಾವಿಬ್ಬರೂ ಆಡಿದ್ದು ಬರೀ ಅಂಕೆ. ಗಣಿತದ ಟೀಚರಿಗೆ ಅಷ್ಟು ಸಾಕಾಗಿತ್ತು ಅನ್ನಿ. ಮರುವರ್ಷ ಮರ ಹಿಡಿಯಲಿಲ್ಲ. ಅದರ ಮರುವರ್ಷ ಇನ್ನೂರಕ್ಕೋ ಏನೋ ಬಂದಾಗ ಅವಳು ರಾಶಿಯ ಮೇಲಿನ ಕಣ್ಣು ತೆಗೆಯದೆ, "ಹಿಂದಿನ ಸಲ ನೀನು ಉಪ್ಪು ಕಮ್ಮಿ ಹಾಕಿದ್ದೆ ಅಲ್ದಾ?" ಎಂದಳು. "ನಿಂಗೆ ಹೇಗೆ ಗೊತ್ತಾಯ್ತು ಅಕ್ಕಾ?" ಅಂದೆ. ನನ್ನ ಮಗನೂ ಅವಳ ಮಗಳೂ ಶಾಲೆಯಲ್ಲಿ ಬುತ್ತಿ ಹಂಚಿಕೊಂಡು ಉಣ್ಣುತ್ತಿದ್ದರಂತೆ, ಎರಡು ವರ್ಷದಿಂದ. ನಮಗಿಬ್ಬರಿಗೂ ತಿಳಿಯದ ಹಾಗೆ ನಮ್ಮ ಉಪ್ಪಿನಕಾಯಿ ಮಾತಾಡಿಕೊಂಡಿತ್ತು.

ಬೆಟ್ಟದ ವ್ಯಾಜ್ಯ ಮುಗಿಯಲು ಇನ್ನೂ ನಾಲ್ಕು ವರ್ಷ ಬೇಕಾಯಿತು. ಗಂಡಸರದ್ದು ಅವರ ಪಾಡಿಗೆ ನಡೆಯಿತು. ನಮ್ಮದು ಆ ದಿನವೇ ಮುಗಿದಿತ್ತು.

ಸಂಬಂಧದ ಬಾಳಿಕೆಯನ್ನೂ ಅಳೆಯಲು ಹೊರಟವರಿದ್ದಾರೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಶುರುವಾದ ಒಂದು ಅಧ್ಯಯನ ಇಂದಿಗೂ ನಡೆಯುತ್ತಿದೆ. 268 ಮಂದಿ ಕಾಲೇಜು ವಿದ್ಯಾರ್ಥಿಗಳು, ಬಾಸ್ಟನ್ ನಗರದ ಬಡ ಕೇರಿಗಳ 456 ಹುಡುಗರು, ಒಟ್ಟು 724 ಜನರನ್ನು ಅವರ ಮುಪ್ಪಿನವರೆಗೂ ಬಿಡದೆ ಹಿಂಬಾಲಿಸಿದರು. ಪ್ರಶ್ನೆ ಕೇಳಿದರು, ರಕ್ತ ಪರೀಕ್ಷೆ ಮಾಡಿಸಿದರು, ಮನೆಗೆ ಹೋಗಿ ಕುಳಿತು ಮಾತಾಡಿಸಿದರು. 724ರಲ್ಲಿ ಒಬ್ಬಳೂ ಹೆಣ್ಣಿರಲಿಲ್ಲ. ಹೆಂಡತಿಯರನ್ನು ಸೇರಿಸಿಕೊಳ್ಳಲು ಅವರಿಗೆ ಎಷ್ಟೋ ದಶಕ ಬೇಕಾಯಿತು. ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಈಗ ಅದರ ಮುಖ್ಯಸ್ಥರಾಗಿರುವ ಮನೋವೈದ್ಯ ರಾಬರ್ಟ್ ವಾಲ್ಡಿಂಗರ್ ಹೇಳುವ ಪ್ರಕಾರ, ಐವತ್ತನೆಯ ವಯಸ್ಸಿನಲ್ಲಿ ಯಾರಿಗೆ ತಮ್ಮ ಹತ್ತಿರದವರ ಸಂಬಂಧ ತೃಪ್ತಿ ಕೊಟ್ಟಿತ್ತೋ ಅವರೇ ಎಂಬತ್ತರಲ್ಲಿ ಹೆಚ್ಚು ಗಟ್ಟಿಯಾಗಿದ್ದರು. ಕೊಲೆಸ್ಟ್ರಾಲಿನ ಅಂಕೆ ಅಷ್ಟು ಸರಿಯಾಗಿ ಭವಿಷ್ಯ ಹೇಳಲಿಲ್ಲ. ಗಟ್ಟಿಯಾಗಿದ್ದವರು ಸಂಬಂಧವನ್ನೂ ಚೆನ್ನಾಗಿ ಇಟ್ಟುಕೊಂಡಿರಬಹುದಲ್ಲ ಎಂದು ನನ್ನ ಲೆಕ್ಕದ ಬುದ್ಧಿ ತಗಾದೆ ತೆಗೆಯುತ್ತದೆ. ಯಾವುದು ಕಾರಣ, ಯಾವುದು ಫಲ ಎಂದು ಬಿಡಿಸುವುದು ಸುಲಭವಲ್ಲ. ಆದರೂ ಮರದ ಕೆಳಗೆ ಕುಳಿತು "ಐದು, ಹತ್ತು" ಎಂದು ಎಣಿಸಿದವಳಿಗೆ ಈ ಮಾತನ್ನು ಅಲ್ಲಗಳೆಯುವುದು ಕಷ್ಟ. ಆ ಆರು ವರ್ಷ ನಮ್ಮ ಮನೆಯಲ್ಲಿ ಏನೂ ಕೊರತೆಯಿರಲಿಲ್ಲ. ಊಟ ಮಾತ್ರ ರುಚಿಸುತ್ತಿರಲಿಲ್ಲ.

ಈಗ ನನ್ನ ದಡ್ಡತನದ ಒಂದು ಅಧ್ಯಾಯ. ನಿವೃತ್ತಳಾದ ಮೇಲೆ, "ಇಷ್ಟು ಚೆನ್ನಾಗಿ ಹಾಕ್ತೀರಿ, ಮಾರಬಾರದೇ?" ಎಂದು ಯಾರೋ ಹುಳ ಬಿಟ್ಟರು. ಬಾಟಲಿ ತರಿಸಿದೆ, ಚೀಟಿ ಅಚ್ಚು ಹಾಕಿಸಿದೆ, ಬೆಂಗಳೂರಿನ ನೆಂಟರಿಂದ ಆರ್ಡರು ಬಂತು, ಅವರ ನೆಂಟರಿಂದಲೂ ಬಂತು. ನಮ್ಮ ಮರದ್ದು ಸಾಲದೆ ಮಿಡಿ ಕೊಂಡು ತಂದೆ. ಯಾರು ಕೊಯ್ದರೋ, ಉದುರಿಸಿ ತಂದರೋ, ನೋಡಿದವರಿಲ್ಲ. ಎರಡನೆಯ ವರ್ಷ ಎಂಬತ್ತು ಬಾಟಲಿಗೆ ಬೂಸು ಹಿಡಿಯಿತು. ತೋಟದ ಮೂಲೆಯಲ್ಲಿ ಗುಂಡಿ ತೋಡಿ ಸುರಿಯುವಾಗ ಹೊಟ್ಟೆ ಉರಿದದ್ದು ಹಣಕ್ಕಲ್ಲ. ಆ ಎರಡು ವರ್ಷ ನಾನು ಒಂದು ಮಿಡಿಯನ್ನೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ, ಬರೀ ಎಣಿಸಿದ್ದೆ. ನಮ್ಮೂರ ಕಡೆ ಇದೇ ಕೆಲಸದಿಂದ ಮನೆ ನಡೆಸಿ ಮಕ್ಕಳನ್ನು ಓದಿಸಿದ ಹೆಂಗಸರಿದ್ದಾರೆ. ಅವರ ಭರಣಿಯಲ್ಲಿ ಸಂತೋಷವೂ ಇದೆ, ಸ್ವಾಭಿಮಾನವೂ ಇದೆ. ಪಿಂಚಣಿ ಬರುವ ನನಗೆ ಅದು ಬೇಕಿರಲಿಲ್ಲ, ಬೇಕೆಂದುಕೊಂಡಿದ್ದೆ ಅಷ್ಟೆ.

ಆಗ ನೆನಪಾದವಳು ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಅದರಲ್ಲೇ ಅಡುಗೆ, ಅದರಲ್ಲೇ ದಾಸೋಹ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಹೊತ್ತು ಬಂದ. ಲಕ್ಕಮ್ಮ ಗಂಟು ನೋಡಿದವಳೇ, ಇಷ್ಟು ನಮಗೇಕೆ, ಹೆಚ್ಚಿನದ್ದನ್ನು ತೆಗೆದುಕೊಂಡ ಕಡೆಯೇ ಸುರಿದು ಬಾ ಎಂದು ಅವನನ್ನು ಹಿಂದಕ್ಕೆ ಕಳಿಸಿದಳು. ಈ ಕತೆಯನ್ನು ಶಾಲೆಯಲ್ಲಿ ತ್ಯಾಗದ ಪಾಠವಾಗಿ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಅಡುಗೆ ಮಾಡುವ ಹೆಂಗಸಿಗೆ ಅಳತೆ ಗೊತ್ತಿರುತ್ತದೆ. ಅನ್ನ ಹೆಚ್ಚಾದರೆ ಹಳಸುತ್ತದೆ ಎಂಬುದು ಅವಳಿಗೆ ವೇದಾಂತವಲ್ಲ, ಪಾತ್ರೆ ತೊಳೆಯುವ ಅನುಭವ.

ವೇದಾಂತ ಎಂದೆನಲ್ಲ, ಅಲ್ಲಿಯೂ ಒಂದು ಲೆಕ್ಕವಿದೆ. ತೈತ್ತಿರೀಯ ಉಪನಿಷತ್ತಿನ ಎರಡನೆಯ ಭಾಗದಲ್ಲಿ ಆನಂದವನ್ನು ಅಳೆಯುತ್ತಾರೆ. ಒಬ್ಬ ಯುವಕ, ಒಳ್ಳೆಯವನು, ಓದಿದವನು, ಗಟ್ಟಿಮುಟ್ಟಾದವನು, ಸಿರಿ ತುಂಬಿದ ಇಡೀ ಭೂಮಿ ಅವನದೇ. ಅವನ ಆನಂದ ಒಂದು ಮಾನ. ಅದರ ನೂರರಷ್ಟು ಮನುಷ್ಯ ಗಂಧರ್ವರಿಗೆ, ಅದರ ನೂರರಷ್ಟು ದೇವ ಗಂಧರ್ವರಿಗೆ, ಹೀಗೆ ಪಿತೃಗಳು, ದೇವತೆಗಳು, ಇಂದ್ರ, ಬೃಹಸ್ಪತಿ, ಪ್ರಜಾಪತಿ ಎಂದು ಏರುತ್ತ ಹೋಗಿ ಬ್ರಹ್ಮಾನಂದಕ್ಕೆ ಮುಟ್ಟುವಾಗ ಹತ್ತು ಸಲ ನೂರರಿಂದ ಗುಣಿಸಿದಂತಾಗುತ್ತದೆ. ಒಂದರ ಮುಂದೆ 20 ಸೊನ್ನೆ. ನಾನು ಇದನ್ನು ಹಲಗೆಯ ಮೇಲೆ ಬರೆದು ತೋರಿಸಿದಾಗ ನಮ್ಮ ಪುರೋಹಿತ ಮಾವನಿಗೆ ಸಿಟ್ಟು ಬಂದಿತ್ತು. ಸೊಗಸು ಇರುವುದು ಬೇರೆ ಕಡೆ. ಎರಡನೆಯ ಮೆಟ್ಟಿಲಿನಿಂದ ಮುಂದೆ ಪ್ರತಿಯೊಂದು ಮೆಟ್ಟಿಲಲ್ಲೂ ನಿಂತು, ಕಲಿತವನೂ ಆಸೆಯ ಪೆಟ್ಟು ತಿನ್ನದವನೂ ಆದವನಿಗೆ ಈ ಆನಂದವೂ ಇದೆ ಎನ್ನುತ್ತಾರೆ. ಉಳಿದವರೆಲ್ಲ ಮೆಟ್ಟಿಲು ಹತ್ತಬೇಕು; ಅವನು ಪ್ರತಿ ಮಹಡಿಯಲ್ಲೂ ಮೊದಲೇ ಕುಳಿತಿದ್ದಾನೆ. ಅಂಥವನನ್ನು ನಾನು ನೋಡಿಲ್ಲ. ಹಿಡಿ ಅಕ್ಕಿ ಹಿಂದಕ್ಕೆ ಕಳಿಸಿದವಳು ಅವನ ಪಕ್ಕದಲ್ಲೇ ಎಲ್ಲೋ ಕುಳಿತಿರಬೇಕು.

ಸಮಯವಾಯಿತು ಎಂದು ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ.

ಈ ವರ್ಷ ಮರ ಚೆನ್ನಾಗಿ ಹಿಡಿದಿತ್ತು. ನಮ್ಮ ಯಜಮಾನರಿಲ್ಲ, ಭಾವನೂ ಇಲ್ಲ. ಹತ್ತುವವನ ಮಗ ಈಗ ಹತ್ತುತ್ತಾನೆ, ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು. ಅಕ್ಕನಿಗೆ ಮೊಣಕಾಲು ಬಗ್ಗುವುದಿಲ್ಲ. ಕುರ್ಚಿ ಹಾಕಿಸಿಕೊಂಡು ಮರದ ಬುಡದಲ್ಲಿ ಕುಳಿತು, ನಾನು "ಐದು" ಎಂದರೆ "ಹತ್ತು" ಎಂದು ತನ್ನ ರಾಶಿಗೆ ಸುಳ್ಳು ಲೆಕ್ಕ ಹೇಳಿ ನಗುತ್ತಾಳೆ. ಹೋದ ವಾರ ಅವಳ ಮೊಮ್ಮಗಳು ಒಂದು ಸ್ಟೀಲಿನ ಡಬ್ಬಿ ತಂದುಕೊಟ್ಟಳು. ಒಳಗೆ ಹತ್ತು ಮಿಡಿ, ಈ ವರ್ಷದ್ದು, ಇನ್ನೂ ಹದವಾಗದ್ದು. "ಅಜ್ಜಿ ಹೇಳಿದ್ರು, ಉಪ್ಪು ನೋಡಿ ಹೇಳ್ಬೇಕಂತೆ." ನೋಡಿದೆ. ಉಪ್ಪು ಹೆಚ್ಚಾಗಿದೆ. ಹೇಳಿ ಕಳಿಸಬೇಕು. ಡಬ್ಬಿ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದ್ದೇನೆ, ನಾಲ್ಕು ದಿನವಾಯಿತು. ಖಾಲಿ ಡಬ್ಬಿ ಹಿಂದಕ್ಕೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ತೊಡೆದೇವು ಹಾಕೋಣವೆಂದರೆ ಅವಳಿಗೆ ಸಕ್ಕರೆ ಕಾಯಿಲೆ. ಹಲಸಿನ ಹಪ್ಪಳ ಇನ್ನೂ ಒಣಗಿಲ್ಲ. ಇವತ್ತು ಮನೆಗೆ ಹೋಗಿ ಏನಾದರೂ ಯೋಚಿಸಬೇಕು.